ಕಲ್ಯಾಣದ ಮಾತು, ಧಾರವಾಡದ ಕೊರಳು

ಬಸವಕಲ್ಯಾಣದಲ್ಲಿ ಹುಟ್ಟಿದ ಸಾಹಿತ್ಯಕ್ಕೆ ಆ ನೆಲದಲ್ಲಿಯೇ ಬಹುಕಾಲ ಬಾಯಿ ಇರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಆಡಿದ ಮಾತುಗಳು ಕಲ್ಯಾಣದ ಕ್ರಾಂತಿಯ ನಂತರ ಊರು ಬಿಟ್ಟು ಹೊರಟವು. ತಾಡೋಲೆಯ ಕಟ್ಟುಗಳಾಗಿ ನಾಡಿನ ಮಠಮನೆಗಳ ಜಂತಿಗಳಲ್ಲಿ ಉಳಿದವು. ಇತ್ತ ಊರು ಕಲ್ಯಾಣಿ ಎಂಬ ಹೆಸರಿನಲ್ಲಿ ನವಾಬರ ಜಹಗೀರಾಯಿತು, ಹೈದರಾಬಾದ್ ನಿಜಾಮರ ಸಂಸ್ಥಾನದ ಒಂದು ಮೂಲೆಯಾಯಿತು. ಕಚೇರಿಯ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆಯನ್ನು ಬೀದರ್ ಜಿಲ್ಲೆಯಲ್ಲಿ ಇಂದಿಗೂ ಹೇಳುತ್ತಾರೆ. ಹೀಗೆ ತನ್ನ ಮಾತನ್ನು ತಾನೇ ಕಳೆದುಕೊಂಡ ನಾಡಿಗೆ ಆ ಮಾತನ್ನು ನಾದದಲ್ಲಿ ಅದ್ದಿ ಮರಳಿಸಿದವರಲ್ಲಿ ಮೊದಲ ಸಾಲಿಗೆ ಸೇರಿದವರು ಧಾರವಾಡದ ಮಲ್ಲಿಕಾರ್ಜುನ ಮನ್ಸೂರ. ಅವರ ದನಿಯನ್ನು ಹೊತ್ತು ತಂದದ್ದು ರೇಡಿಯೋ.

ಮನ್ಸೂರರನ್ನು ಹಿಂದೂಸ್ತಾನಿ ಸಂಗೀತದ ದಿಗ್ಗಜರೆಂದು, ಜೈಪುರ-ಅತ್ರೌಲಿ ಘರಾಣೆಯ ಕೊನೆಯ ಮಹಾನ್ ಗಾಯಕರಲ್ಲೊಬ್ಬರೆಂದು ಸ್ಮರಿಸುವುದು ವಾಡಿಕೆ. ಅದು ಸರಿಯೇ. ಆದರೆ ಅವರ ಬದುಕು ನಾಟಕ, ಸಂಗೀತ ಮತ್ತು ಮಾತು ಎಂಬ ಮೂರು ಎಳೆಗಳಿಂದ ನೇಯ್ದದ್ದು. ಕುತೂಹಲದ ಸಂಗತಿಯೆಂದರೆ ಆಕಾಶವಾಣಿಯ ಒಂದು ದಿನವನ್ನು ತುಂಬುತ್ತಿದ್ದವೂ ಇವೇ ಮೂರು.

ಅವರು ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡಕ್ಕೆ ಕೂಗಳತೆಯಲ್ಲಿರುವ ಮನ್ಸೂರು ಗ್ರಾಮದಲ್ಲಿ. ತಂದೆ ಭೀಮರಾಯಪ್ಪ ಒಕ್ಕಲುತನದವರು, ಊರಿನ ಹಿರಿಯರು, ತಾಯಿ ನೀಲಮ್ಮ. ಮನೆ ತುಂಬ ಮಕ್ಕಳು. ಅಣ್ಣ ಬಸವರಾಜರಿಗೆ ನಾಟಕದ ಹುಚ್ಚು. ಅವರದೇ ಒಂದು ತಂಡವಿತ್ತು. ಒಂಬತ್ತರ ಹರೆಯದಲ್ಲಿ ಮಲ್ಲಿಕಾರ್ಜುನ ಬಣ್ಣ ಹಚ್ಚಿದ್ದು ಹಾಗೆ. ಮಗನ ಒಲವನ್ನು ಕಂಡ ತಂದೆ ಅವನನ್ನು ಊರೂರು ತಿರುಗುವ ನಾಟಕ ಮಂಡಳಿಯೊಂದಕ್ಕೆ ಒಪ್ಪಿಸಿದರು. ಆ ಕಾಲದ ಕಂಪನಿ ನಾಟಕವೆಂದರೆ ಅರ್ಧ ಹಾಡು, ಅರ್ಧ ಮಾತು. ಧ್ವನಿವರ್ಧಕವಿಲ್ಲದ ರಂಗದಲ್ಲಿ ಕಟ್ಟಕಡೆಯ ಸಾಲಿನಲ್ಲಿ ಕುಳಿತವನಿಗೂ ಪದ ಪದವೂ ಮುಟ್ಟಬೇಕು. ಹಾಡಿನಲ್ಲಿ ಅಕ್ಷರ ನುಂಗಿದರೆ ಪ್ರೇಕ್ಷಕ ಸುಮ್ಮನಿರುತ್ತಿರಲಿಲ್ಲ. ಮುಂದೆ ಮನ್ಸೂರರ ವಚನ ಗಾಯನದಲ್ಲಿ ಒಂದೇ ಒಂದು ಶಬ್ದವೂ ಮಸುಕಾಗದಿರುವುದನ್ನು ಕೇಳಿದವರಿಗೆ, ಆ ಸ್ಪಷ್ಟತೆಯ ಮೊದಲ ಪಾಠಶಾಲೆ ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಬಾಲಕನ ಕಂಠವನ್ನು ಮೊದಲು ಗುರುತಿಸಿದವರು ಅಪ್ಪಯ್ಯಸ್ವಾಮಿಗಳು. ಅವರಿಂದ ಕರ್ನಾಟಕ ಸಂಗೀತದ ಪಾಠವಾಯಿತು. ನಂತರ ಬಂದವರು ಮೀರಜಿನ ನೀಲಕಂಠಬುವಾ ಆಲೂರಮಠ. ಅವರು ಹುಡುಗನನ್ನು ನಾಟಕದಿಂದ ಬಿಡಿಸಿ ತಮ್ಮ ಊರಿಗೆ ಕರೆದೊಯ್ದು ಗ್ವಾಲಿಯರ್ ಪದ್ಧತಿಯ ಗಾಯನವನ್ನು ವರ್ಷಗಟ್ಟಲೆ ಕಲಿಸಿದರು. ಮೂವತ್ತರ ದಶಕದ ಹೊತ್ತಿಗೆ ಮನ್ಸೂರರ ಹಾಡು ಗ್ರಾಮಫೋನ್ ತಟ್ಟೆಗಳ ಮೂಲಕ ಹೊರಗಿನವರ ಕಿವಿಗೂ ಬಿದ್ದಿತ್ತು. ಎಚ್‌ಎಂವಿ ಕಂಪನಿಯೊಂದಿಗೆ ನಂಟು ಬೆಳೆದಿತ್ತು. ಸಾಮಾನ್ಯ ಗಾಯಕನಾಗಿದ್ದರೆ ಅಷ್ಟಕ್ಕೇ ತೃಪ್ತಿಪಟ್ಟುಕೊಳ್ಳಬಹುದಿತ್ತು.

ಅವರು ತೃಪ್ತರಾಗಲಿಲ್ಲ. ಮುಂಬಯಿಯಲ್ಲಿ ಉಸ್ತಾದ್ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಗಾಯನ ಕೇಳಿದ ಮೇಲೆ, ಹೆಸರು ಬಂದಿದ್ದ ಕಲಾವಿದ ಮತ್ತೆ ವಿದ್ಯಾರ್ಥಿಯಾಗಿ ಕೆಳಗೆ ಕುಳಿತರು. ಈ ಶಿಕ್ಷಣ ಬಹುದಿನ ನಡೆಯಲಿಲ್ಲ. 1937ರಲ್ಲಿ ಮಂಜೀಖಾನರು ಅಕಾಲದಲ್ಲಿ ತೀರಿಕೊಂಡರು. ಮಗನನ್ನು ಕಳೆದುಕೊಂಡ ಅಲ್ಲಾದಿಯಾ ಖಾನರು ಶಿಷ್ಯನನ್ನು ಕೈಬಿಡದೆ ಕಿರಿಯ ಮಗ ಬುರ್ಜೀಖಾನರ ಬಳಿಗೆ ಕಳುಹಿಸಿದರು. ಬುರ್ಜೀಖಾನರ ಪಾಠ ಬಹುಕಾಲ ನಡೆಯಿತು. 1950ರಲ್ಲಿ ಅವರೂ ಇಲ್ಲವಾದರು. ಲಿಂಗಪೂಜೆ ತಪ್ಪಿಸದ, ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳನ್ನು ಗುರುವೆಂದು ನಂಬಿ ಮನೆಗೂ ಅವರ ಹೆಸರನ್ನೇ ಇಟ್ಟ ಒಬ್ಬ ಲಿಂಗಾಯತ ಗೃಹಸ್ಥ, ಮುಸಲ್ಮಾನ ಉಸ್ತಾದರ ಕುಟುಂಬವೊಂದರ ವಿದ್ಯೆಯ ವಾರಸುದಾರನಾದದ್ದು ಹೀಗೆ. ಆ ಮನೆಯವರಿಗಾಗಲಿ ಈ ಶಿಷ್ಯನಿಗಾಗಲಿ ಇದರಲ್ಲಿ ವಿಶೇಷವೇನೂ ಕಂಡಂತಿಲ್ಲ. ಅದನ್ನು ಎತ್ತಿ ಹೇಳಬೇಕಾದ ಕಾಲ ನಮ್ಮದು, ಅಷ್ಟೆ.

ಹುಮನಾಬಾದಿನವರಿಗೆ ಇದು ಹೊಸತಾಗಿ ಕಾಣಲಾರದು. ಆ ಪಟ್ಟಣಕ್ಕೆ ಹೊಂದಿಕೊಂಡಿರುವ ಮಾಣಿಕನಗರದಲ್ಲಿ ಹತ್ತೊಂಬತ್ತನೆಯ ಶತಮಾನದ ಸಂತ ಮಾಣಿಕಪ್ರಭುಗಳು ಎಲ್ಲ ಮತಗಳನ್ನೂ ಗೌರವಿಸುವ ಸಕಲಮತ ಸಂಪ್ರದಾಯವನ್ನು ಕಟ್ಟಿದರು. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, 1865ರಲ್ಲಿ ಸಮಾಧಿಸ್ಥರಾದ ಅವರು ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದಗಳನ್ನು ರಚಿಸಿದವರು. ಅವರ ಸಂಸ್ಥಾನದಲ್ಲಿ ದತ್ತಜಯಂತಿಯ ದರ್ಬಾರೆಂದರೆ ಸಂಗೀತದ ದರ್ಬಾರು. ಲಿಂಗಾಯತರು ಬಸವಣ್ಣನೆಂದೂ ಮುಸಲ್ಮಾನರು ಮೆಹಬೂಬ್ ಸುಬಾನಿಯೆಂದೂ ಅವರನ್ನು ಕಂಡರು. ದೇವರ ಮುಂದೆ ಹಾಡುವವನ ಜಾತಿ ಯಾವುದೆಂದು ಕೇಳದ ಒಂದು ಪರಂಪರೆ ಈ ಸೀಮೆಯಲ್ಲಿ ರೇಡಿಯೋ ಬರುವ ಎಷ್ಟೋ ಮೊದಲೇ ಇತ್ತು.

ಇನ್ನೂ ಹಿಂದಕ್ಕೆ ಹೋಗುವುದಾದರೆ, ಕಲ್ಯಾಣದಿಂದಲೇ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ದೊಡ್ಡ ಪಟ್ಟಿಯೇ ಇದೆ: ಗೀತ, ವಾದ್ಯ, ನೃತ್ಯ, ಕಥೆ. ಅವನ ಮಗ ಜಗದೇಕಮಲ್ಲ ಸಂಗೀತದ ಮೇಲೆಯೇ ಒಂದು ಗ್ರಂಥ ಬರೆದ. ಆದರೆ ಇವೆಲ್ಲ ಅರಮನೆಯ ಒಳಗಿನ ಸಂಭ್ರಮ. ಕೆಲವೇ ದಶಕಗಳಲ್ಲಿ ಅದೇ ಊರಿನ ಶರಣರು ಅರಮನೆಯ ಹೊರಗೆ, ಸಮಗಾರ ಮಡಿವಾಳರ ನಡುವೆ, ಮಾತನ್ನೇ ಕಾವ್ಯವಾಗಿಸಿದರು. ದೊರೆಯ ವಿನೋದ ಮತ್ತು ಶರಣರ ನುಡಿ ಇವೆರಡೂ ಒಂದೇ ಪೆಟ್ಟಿಗೆಯಿಂದ, ಒಂದೇ ದಿನ, ಯಾರ ಮನೆಗಾದರೂ ಕೇಳಿಬರುವ ಕಾಲಕ್ಕೆ ಎಂಟುನೂರು ವರ್ಷ ಕಾಯಬೇಕಾಯಿತು.

ನಿಜಾಮರ ಕಾಲದಲ್ಲಿ ಈ ಸೀಮೆಯವರಿಗಿದ್ದ ರೇಡಿಯೋ ಹೈದರಾಬಾದಿನ ದಖನ್ ರೇಡಿಯೋ. ಉರ್ದುವಿನದೇ ಪ್ರಾಬಲ್ಯ, ತೆಲುಗು, ಮರಾಠಿ, ಕನ್ನಡಗಳಿಗೆ ಸಿಕ್ಕಿದ್ದು ಅಳೆದು ಕೊಟ್ಟ ವೇಳೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮ ರಜಾಕಾರರ ಕ್ರೌರ್ಯಕ್ಕೆ ಬಲಿಯಾಯಿತು. ಅದೇ ವರ್ಷದ ಸೆಪ್ಟೆಂಬರ್ 17ರ ಸಂಜೆ ನಿಜಾಮರು ಶರಣಾಗತಿಯನ್ನು ಸಾರಿದ್ದು ಇದೇ ರೇಡಿಯೋದಲ್ಲಿ. ಆ ನಿಲಯ 1950ರಲ್ಲಿ ಆಕಾಶವಾಣಿಗೆ ಸೇರಿತು. ಅದೇ ವರ್ಷದ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾಗಿತ್ತು. 1956ರಲ್ಲಿ ಬೀದರ್ ಮತ್ತು ಧಾರವಾಡ ಜಿಲ್ಲೆಗಳು ಒಂದೇ ರಾಜ್ಯಕ್ಕೆ ಬಂದವು. 1966ರಲ್ಲಿ ಗುಲ್ಬರ್ಗದಲ್ಲಿ ನಿಲಯ ತೆರೆಯಿತು. ನಕಾಶೆಯಲ್ಲಿ ನಾಡು ಒಂದಾದದ್ದು ಒಂದು ದಿನದಲ್ಲಿ. ಕಿವಿಗಳು ಒಂದಾದದ್ದು ಈ ನಿಲಯಗಳ ಮೂಲಕ, ನಿಧಾನವಾಗಿ.

ಧಾರವಾಡ ನಿಲಯ ಆಗ ಸರಕಾರಿ ಕಚೇರಿಯಂತಿರಲಿಲ್ಲವೆಂದು ಹೇಳಿದರೆ ಉತ್ಪ್ರೇಕ್ಷೆಯಲ್ಲ. ಸಾಹಿತ್ಯದ ಸಲಹೆಗಾರರಾಗಿ ದ.ರಾ. ಬೇಂದ್ರೆ ಇದ್ದರು, ಸಂಗೀತದ ಸಲಹೆಗಾರರಾಗಿ ಮನ್ಸೂರರು ಸೇವೆ ಸಲ್ಲಿಸಿದರು. ಎನ್ಕೆಯವರಂಥ ಲೇಖಕರು ಕಾರ್ಯಕ್ರಮಗಳನ್ನು ರೂಪಿಸುತ್ತಿದ್ದರು. ಇಂದಿನ ಯಾವ ವಾಹಿನಿಯ ಸಂಬಳ ಪಟ್ಟಿಯಲ್ಲಾದರೂ ಇಂಥ ಹೆಸರುಗಳು ಒಟ್ಟಿಗೆ ಕಾಣಸಿಗುತ್ತವೆಯೇ?

ಆಕಾಶವಾಣಿಯ ಒಂದು ದಿನದ ಸ್ವರೂಪವನ್ನು ಇಲ್ಲಿ ಸ್ವಲ್ಪ ನೆನಪಿಸಿಕೊಳ್ಳಬೇಕು. ಮನ್ಸೂರರ ಬದುಕಿನ ಒಂದು ಗುಟ್ಟು ಅದರಲ್ಲಿದೆ. ಮುಂಜಾನೆ ವಾಲ್ಟರ್ ಕೌಫ್‌ಮನ್ ಸಂಯೋಜಿಸಿದ ಸಂಕೇತ ಸಂಗೀತ, ವಂದೇ ಮಾತರಂ, ಭಕ್ತಿಗೀತೆ, ಚಿಂತನ, ವಾರ್ತೆ. ಅದರ ಬೆನ್ನಿಗೆ ಶಾಸ್ತ್ರೀಯ ಗಾಯನ. ನಡುಹಗಲಿನಲ್ಲಿ ಎರಡನೆಯ ಪ್ರಸಾರ. ಸಂಜೆ ರೈತರಿಗೆ ಹವಾಮಾನ, ಪೇಟೆ ಧಾರಣೆ, ಜಾನಪದ. ರಾತ್ರಿ ಭಾಷಣ, ನಾಟಕ, ಮತ್ತೆ ಸಂಗೀತ. ಇದರ ಮೇಲೆ ದಿಲ್ಲಿಯಿಂದ ಎಲ್ಲ ನಿಲಯಗಳೂ ಒಟ್ಟಿಗೆ ಬಿತ್ತರಿಸುವ ರಾಷ್ಟ್ರೀಯ ಕಾರ್ಯಕ್ರಮಗಳು. 1952ರಲ್ಲಿ ಸಂಗೀತದ್ದು, 1953ರಲ್ಲಿ ಭಾಷಣದ್ದು, 1956ರಲ್ಲಿ ನಾಟಕದ್ದು ಆರಂಭವಾದವು. ಶನಿವಾರ ರಾತ್ರಿ ಒಂದೇ ಗಾಯಕನನ್ನು ಕಾಶ್ಮೀರವೂ ಕೇಳುತ್ತಿತ್ತು, ಕಲ್ಯಾಣವೂ ಕೇಳುತ್ತಿತ್ತು. ಒಂದೇ ನಾಟಕ ಬೇರೆ ಬೇರೆ ಭಾಷೆಗಳಲ್ಲಿ ಒಂದೇ ರಾತ್ರಿ ದೇಶದ ನಿಲಯಗಳಿಂದ ಕೇಳಿಬರುತ್ತಿತ್ತು.

ಕಛೇರಿಗಳು ನಡೆಯುವುದು ಬಹುತೇಕ ಸಂಜೆ ಅಥವಾ ರಾತ್ರಿ. ಹೀಗಾಗಿ ವೇದಿಕೆಯನ್ನೇ ನಂಬಿದ ಗಾಯಕನಿಗೆ ಯಮನ್, ಬಿಹಾಗ್, ಮಾಲಕಂಸ, ದರಬಾರಿಗಳೇ ಹೆಚ್ಚು ಬಳಕೆಯ ಸರಕು. ಬೆಳಗಿನ ಮತ್ತು ಹಗಲಿನ ರಾಗಗಳಿಗೆ ವೇದಿಕೆ ಸಿಗುವುದು ಅಪರೂಪ. ಸಮಯದ ಕಟ್ಟಳೆ ಪಾಲಿಸುವ ಹಿಂದೂಸ್ತಾನಿ ಪದ್ಧತಿಯಲ್ಲಿ ಹೀಗೆ ಎಷ್ಟೋ ರಾಗಗಳು ಹಾಡುವವರಿಲ್ಲದೆ ಸೊರಗುತ್ತವೆ. ದಿನಕ್ಕೆ ಮೂರು ಪ್ರಸಾರಗಳಿದ್ದ ಆಕಾಶವಾಣಿಗೆ ಬೆಳಗ್ಗೆ ಬೆಳಗಿನ ರಾಗ ಬೇಕಾಗಿತ್ತು, ಮಧ್ಯಾಹ್ನ ಸಾರಂಗ ಬೇಕಾಗಿತ್ತು. ಮನ್ಸೂರರ ಬತ್ತಳಿಕೆಯಲ್ಲಿದ್ದವು ಶಿವಮತ ಭೈರವ, ಕಬೀರಿ ಭೈರವ, ಖಟ್, ಲಚ್ಛಾಸಾಖ, ಬಹಾದುರಿ ತೋಡಿ. ಇನ್ನು ಸಂಜೆ ರಾತ್ರಿಗಳ ಶುದ್ಧನಾಟ, ಹೇಮನಾಟ, ಆಡಂಬರಿ ಕೇದಾರ, ಬಿಹಾರಿಗಳು ಬೇರೆ. ಅಲ್ಲಾದಿಯಾ ಖಾನರ ಮನೆಯ ಈ ಅಪ್ರಚಲಿತ ರಾಗಗಳಿಗೆ ಟಿಕೀಟು ಕೊಂಡು ಬರುವ ಶ್ರೋತೃವರ್ಗ ಅಂದು ದೊಡ್ಡದಿರಲಿಲ್ಲ. ರೇಡಿಯೋಕ್ಕೆ ಟಿಕೀಟಿನ ಹಂಗಿರಲಿಲ್ಲ.

ರೇಡಿಯೋವನ್ನು ಹೊಗಳುವ ಭರದಲ್ಲಿ ಅದರ ಮೊಂಡುತನವನ್ನು ಮರೆಯುವಂತಿಲ್ಲ. 1940ರಿಂದ 1971ರವರೆಗೆ ಹಾರ್ಮೋನಿಯಂ ವಾದ್ಯಕ್ಕೆ ಆಕಾಶವಾಣಿಯ ಬಾಗಿಲು ಮುಚ್ಚಿತ್ತು. ಕಂಪನಿ ನಾಟಕದ ಪೆಟ್ಟಿಗೆಯ ಜೊತೆ ಹಾಡಿ ಬೆಳೆದ ಉತ್ತರ ಕರ್ನಾಟಕದ ಕಲಾವಿದರಿಗೆ ಇದು ಸಣ್ಣ ಪೇಚಾಟವಲ್ಲ. ದೊಡ್ಡ ದೊಡ್ಡ ಉಸ್ತಾದರನ್ನೂ ಧ್ವನಿಪರೀಕ್ಷೆಗೆ ಕೂರಿಸಿ ಶ್ರೇಣಿ ಹಂಚಿದ ಕ್ರಮವೂ ಟೀಕೆಗೆ ಗುರಿಯಾಗಿತ್ತು. ಗಡಿಯಾರದ ಮುಳ್ಳು ನೋಡುತ್ತ ರಾಗ ಮುಗಿಸಬೇಕಾದ ಸಂಕಟವಂತೂ ಇದ್ದೇ ಇತ್ತು. ಆದರೂ ಮನ್ಸೂರರ ಗಾಯನಕ್ಕೆ ಈ ಕೊನೆಯ ಕಟ್ಟುಪಾಡು ಅಂಥ ಅಡ್ಡಿಯಾಗಲಿಲ್ಲವೆಂದು ಕಾಣುತ್ತದೆ. ದೀರ್ಘ ಆಲಾಪದಲ್ಲಿ ಹೊತ್ತು ಕಳೆಯುವ ಘರಾಣೆ ಅವರದಲ್ಲ. ಎರಡನೆಯ ಆವರ್ತದೊಳಗೆ ರಾಗ ಎದುರಿಗೆ ನಿಂತಿರುತ್ತಿತ್ತು. ಸಮ್‌ನಿಂದ ಸಮ್‌ಗೆ ಹೊಸ ದಾರಿ ಹುಡುಕುವ ಅವರ ಲಯದ ಚುರುಕು ಅರ್ಧ ಗಂಟೆಯಲ್ಲಿಯೂ ಪೂರ್ಣ ಚಿತ್ರ ಬರೆಯಬಲ್ಲದಾಗಿತ್ತು.

ಇನ್ನು ವಚನಗಳ ಮಾತು. ತಾಡೋಲೆಯಲ್ಲಿದ್ದ ವಚನಗಳು ಅಚ್ಚಿಗೆ ಬಂದು ಜನರ ಕೈಸೇರಿದ್ದರ ಹಿಂದೆ ವಿಜಯಪುರದ ಫ.ಗು. ಹಳಕಟ್ಟಿಯವರ ಜೀವಮಾನದ ದುಡಿಮೆಯಿದೆ. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬಂದಿತು. ಆಗ ಮನ್ಸೂರರಿಗೆ ಹದಿಮೂರು ವರ್ಷವೂ ತುಂಬಿರಲಿಲ್ಲ. ಅಂದರೆ ವಚನ ಮುದ್ರಣ ಮತ್ತು ಈ ಗಾಯಕ ಒಟ್ಟಿಗೆ ಬೆಳೆದರು. ಅಚ್ಚಾದ ಪುಸ್ತಕ ಓದು ಬಲ್ಲವರಿಗೆ ಮಾತ್ರ. ಬೀದರ್ ಸೀಮೆಯಲ್ಲಿ ಓದು ಬಲ್ಲವರೂ ಉರ್ದು ಅಥವಾ ಮೋಡಿ ಬಲ್ಲವರು. ಹಾಡಿನ ವಚನಕ್ಕೆ ಅಲ್ಲಿದ್ದ ಅಗತ್ಯವನ್ನು ಹಳೆ ಮೈಸೂರಿನವರು ಊಹಿಸುವುದು ಕಷ್ಟ.

ಆದರೆ ವಚನವನ್ನು ಹಾಡಬಹುದೇ ಎಂಬುದೇ ಒಂದು ತಕರಾರಿನ ಪ್ರಶ್ನೆ. ಹೆಸರೇ ಹೇಳುವಂತೆ ಅದು ಆಡಿದ ಮಾತು. ಅದಕ್ಕೆ ಛಂದಸ್ಸಿನ ಕಟ್ಟಿಲ್ಲ, ಪಲ್ಲವಿಯಿಲ್ಲ. ಸಾಲುಗಳು ಸಮನಾಗಿಲ್ಲ. ತಾಳಕ್ಕೆ ಒಗ್ಗಿಸಹೊರಟರೆ ಅರ್ಥ ಮುರಿಯುತ್ತದೆ, ಅರ್ಥಕ್ಕೆ ಅಂಟಿಕೊಂಡರೆ ಹಾಡು ನಿಲ್ಲುವುದಿಲ್ಲ. ಇಂದು ವಚನ ಗಾಯನವೆಂಬ ಹೆಸರಿನಲ್ಲಿ ಕೇಳಿಬರುವ ಎಷ್ಟೋ ಹಾಡುಗಳಲ್ಲಿ ಶರಣರ ಕಟು ಪ್ರಶ್ನೆ ಲಾಲಿಹಾಡಿನಂತೆ ಮೃದುವಾಗಿಬಿಟ್ಟಿರುತ್ತದೆ. ವಾದ್ಯಮೇಳದ ಅಬ್ಬರದಲ್ಲಿ ಪ್ರಶ್ನೆಯೇ ಕೇಳಿಸುವುದಿಲ್ಲ. ಮನ್ಸೂರರು ಇದನ್ನು ಬಗೆಹರಿಸಿದ ರೀತಿ ಸರಳ. ಖಯಾಲಿನಲ್ಲಿ ತಾನುಗಳ ಮಳೆಗರೆಯುವ ಅದೇ ಗಾಯಕ ವಚನಕ್ಕೆ ಬಂದಾಗ ಕೈ ಬಿಗಿಹಿಡಿಯುತ್ತಿದ್ದರು. ರಾಗ ಶಾಸ್ತ್ರೀಯವೇ, ಆದರೆ ನಿಲುಗಡೆ ಮಾತಿನದು. ಉಸಿರು ಎಲ್ಲಿ ಬಿಡಬೇಕೆಂಬುದನ್ನು ವಾಕ್ಯ ನಿರ್ಧರಿಸುತ್ತಿತ್ತು. ಕನಸನ್ನು ಗೆಳತಿಗೆ ಹೇಳಿಕೊಳ್ಳುವ ಅಕ್ಕಮಹಾದೇವಿಯ ವಚನವನ್ನು ಅವರು ಹಾಡಿದ್ದನ್ನು ಕೇಳಿದವರಿಗೆ ಇದು ಗೊತ್ತು. ಅಲ್ಲಿ ಗಾಯಕ ಎದುರಿಗಿಲ್ಲ. ಒಬ್ಬ ಹೆಣ್ಣುಮಗಳು ಇನ್ನೊಬ್ಬಳ ಹತ್ತಿರ ಕುಳಿತು ತಗ್ಗಿದ ದನಿಯಲ್ಲಿ ಕಂಡದ್ದನ್ನು ಹೇಳುತ್ತಿದ್ದಾಳೆ. ನಾಟಕದ ಮಾತು, ಘರಾಣೆಯ ಸ್ವರ, ಕಲ್ಯಾಣದ ಅನುಭವ ಮೂರೂ ಕೂಡಿದ ಕೆಲವು ನಿಮಿಷಗಳವು. ಗುಂಪನ್ನು ಉದ್ದೇಶಿಸದೆ ಒಬ್ಬೊಬ್ಬರಿಗೇ ಹೇಳುವ ಈ ಗುಣ ರೇಡಿಯೋ ಎಂಬ ಮಾಧ್ಯಮಕ್ಕೆ ಹೇಳಿಮಾಡಿಸಿದಂತಿತ್ತು.

ಬದುಕು ಮಾತ್ರ ಅಷ್ಟು ಸುಸೂತ್ರವಾಗಿರಲಿಲ್ಲ. ಪತ್ನಿ ಗಂಗಮ್ಮ, ಏಳು ಹೆಣ್ಣುಮಕ್ಕಳು, ಒಬ್ಬ ಮಗ. ಖ್ಯಾತಿ ಬಹಳ ತಡವಾಗಿ ಬಂದಿತು. ಜೊತೆಗಾರರ, ಕಿರಿಯರ ಹೆಸರುಗಳು ದೇಶದಲ್ಲಿ ಮೊಳಗುತ್ತಿದ್ದ ಕಾಲದಲ್ಲಿ ಮನ್ಸೂರರು ಧಾರವಾಡದಲ್ಲಿ, ಧೋತರ ಜುಬ್ಬಾ ತೊಟ್ಟು, ಬೀಡಿ ಹಚ್ಚಿಕೊಂಡು, ಮಠಕ್ಕೂ ಮನೆಗೂ ಅಡ್ಡಾಡಿಕೊಂಡಿದ್ದರು. ಪದ್ಮಶ್ರೀ ಬಂದದ್ದು 1970ರಲ್ಲಿ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ 1971ರಲ್ಲಿ. ಅಷ್ಟರಲ್ಲಿ ಅವರಿಗೆ ಅರವತ್ತು. ಸಾಮಾನ್ಯವಾಗಿ ಗಾಯಕರ ಕಂಠ ಇಳಿಮುಖವಾಗುವ ಆ ವಯಸ್ಸಿನಲ್ಲಿ ಅವರ ಗಾಯನ ಏರುಮುಖವಾಯಿತು. 1976ರಲ್ಲಿ ಪದ್ಮಭೂಷಣ, 1982ರಲ್ಲಿ ಅಕಾಡೆಮಿಯ ಫೆಲೋಷಿಪ್, 1992ರಲ್ಲಿ ಪದ್ಮವಿಭೂಷಣ. ಆ ನಡುವಿನ ದಶಕಗಳಲ್ಲಿ, ಮಾರುಕಟ್ಟೆ ಅವರನ್ನು ಗುರುತಿಸದಿದ್ದಾಗ, ಅವರ ಕಲೆಯನ್ನು ಕಾಯ್ದದ್ದು ಏನು? ಗುರುಭಕ್ತಿ, ಸಾಧನೆ ಎಂಬ ಉತ್ತರಗಳು ಸಿದ್ಧವಾಗಿವೆ. ಅವು ನಿಜ. ಅದರ ಜೊತೆಗೆ ಲಾಭನಷ್ಟ ಕೇಳದ ಒಂದು ಸಾರ್ವಜನಿಕ ಸಂಸ್ಥೆ ಅವರಿಗೆ ಕೆಲಸ ಕೊಟ್ಟಿತ್ತು, ಮೈಕು ಕೊಟ್ಟಿತ್ತು, ಅಪ್ರಚಲಿತ ರಾಗಕ್ಕೂ ವೇಳೆ ಕೊಟ್ಟಿತ್ತು ಎಂಬ ಬಡ ಉತ್ತರವನ್ನೂ ಸೇರಿಸಬೇಕು. ಸಾಧಕರ ಜೀವನಚರಿತ್ರೆಗಳಲ್ಲಿ ಸಂಬಳದ ಮಾತು ಬರುವುದಿಲ್ಲ, ಬರಬೇಕು.

ಕನ್ನಡದಲ್ಲಿ ಅವರು ಬರೆದ ಆತ್ಮಕಥೆ ‘ನನ್ನ ರಸಯಾತ್ರೆ’. ಮುಂದೆ ಮಗ ರಾಜಶೇಖರ ಮನ್ಸೂರರು ಅದನ್ನು ಇಂಗ್ಲಿಷಿಗೆ ತಂದರು. ಸ್ವತಃ ಸಮರ್ಥ ಗಾಯಕರೂ ಇಂಗ್ಲಿಷ್ ಅಧ್ಯಾಪಕರೂ ಆಗಿದ್ದ ರಾಜಶೇಖರರು 2022ರಲ್ಲಿ ನಿಧನರಾದರು. ಮಗಳು ನೀಲಾ ಕೊಡ್ಲಿಯವರೂ ತಂದೆಯ ದಾರಿಯಲ್ಲೇ ನಡೆದವರು. ಅದೇ ಹೆಸರಿನ ಸಾಕ್ಷ್ಯಚಿತ್ರವೊಂದು ‘ರಸಯಾತ್ರಾ’ ಎಂದು ಬಂದು ರಾಷ್ಟ್ರಪ್ರಶಸ್ತಿ ಪಡೆಯಿತು. 1992ರ ಸೆಪ್ಟೆಂಬರ್ 12ರಂದು ಧಾರವಾಡದಲ್ಲಿ ಮಲ್ಲಿಕಾರ್ಜುನ ಮನ್ಸೂರರು ಕಣ್ಣುಮುಚ್ಚಿದರು. ಅವರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ.

ಅವರು ಹೋದ ನಂತರದ ಮೂರು ದಶಕಗಳಲ್ಲಿ ಕಲ್ಯಾಣ ಬಹಳ ಬದಲಾಗಿದೆ. ಬಸವಕಲ್ಯಾಣದಲ್ಲಿ 108 ಅಡಿಯ ಬಸವಣ್ಣನ ಪ್ರತಿಮೆ ಎದ್ದು ನಿಂತಿದೆ. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರು ಕಲ್ಯಾಣ ಕರ್ನಾಟಕವಾಯಿತು. 2021ರ ಜನವರಿಯಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಕಲ್ಲು ಕಾಂಕ್ರೀಟುಗಳಿಗೆ ಸರಕಾರದ ಬಳಿ ಹಣವಿದೆ, ಅದು ಸಂತೋಷದ ವಿಷಯ. ದನಿಯ ವಿಷಯದಲ್ಲಿ ಆಗಿರುವುದು ಬೇರೆ. ಕಲ್ಯಾಣ ಕರ್ನಾಟಕದ ಹೆಸರು ಬದಲಾದ ಅದೇ 2019ರ ಜನವರಿಯಲ್ಲಿ ಪ್ರಸಾರ ಭಾರತಿ ಖರ್ಚು ಕಡಿತದ ಕಾರಣ ನೀಡಿ ಆಕಾಶವಾಣಿಯ ರಾಷ್ಟ್ರೀಯ ವಾಹಿನಿಯನ್ನು ಮುಚ್ಚಲು ಆದೇಶಿಸಿತು. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮನೆಯಲ್ಲೇ ಆರಂಭಿಸಿದ ನಿಲಯದ ಹೆಸರು ಆಕಾಶವಾಣಿ. ದೇಶದ ರೇಡಿಯೋ ಇನ್ನು ಮುಂದೆ ಆ ಹೆಸರನ್ನೇ ಬಳಸಬೇಕೆಂದು 2023ರಲ್ಲಿ ಸೂಚನೆ ಹೊರಟಿತು. ಹೆಸರು ಉಳಿಯಿತು. ನಿಲಯ ಕಲಾವಿದರ ತೆರವಾದ ಹುದ್ದೆಗಳ ಬಗ್ಗೆ ಅಂಥದೊಂದು ಸೂಚನೆ ಹೊರಟಿದ್ದರೆ ಸಂಗೀತಗಾರರು ಹೆಚ್ಚು ಖುಷಿಪಡುತ್ತಿದ್ದರು.

ಮನ್ಸೂರರ ಗಾಯನ ಇಂದು ಕೈಫೋನಿನಲ್ಲಿ ಬೇಕೆಂದಾಗ ಸಿಗುತ್ತದೆ. ಹುಡುಕಬಲ್ಲವರಿಗೆ ಅದು ಸಾಕು. ಆದರೆ ಹುಡುಕಬೇಕಾದರೆ ಹೆಸರು ಗೊತ್ತಿರಬೇಕು. ಪೇಟೆ ಧಾರಣೆಗಾಗಿ ಪೆಟ್ಟಿಗೆಯ ಮುಂದೆ ಕುಳಿತ ಹುಮನಾಬಾದಿನ ಕಬ್ಬು ಬೆಳೆಗಾರನಿಗೆ, ತೊಗರಿಯ ಬೆಲೆ ಕೇಳಿ ಮುಗಿಯುವ ಹೊತ್ತಿಗೆ ತಾನಾಗಿ ಒಂದು ವಚನ ಕಿವಿಗೆ ಬೀಳುತ್ತಿದ್ದುದು ಬೇರೆ ಬಗೆಯ ಭೇಟಿ. ಆಕಾಶವಾಣಿಯ ಧ್ವನಿಸಂಗ್ರಹದಲ್ಲಿ ಹಿರಿಯ ಗಾಯಕರ ದನಿಸುರುಳಿಗಳಿವೆ. ಕಲಬುರಗಿ ಮತ್ತು ಧಾರವಾಡ ನಿಲಯಗಳು ಬೆಳಗಿನ ಪ್ರಸಾರದಲ್ಲಿ, ಚಿಂತನದ ಬೆನ್ನಿಗೆ, ಮನ್ಸೂರರ ಒಂದು ವಚನಕ್ಕೆ ದಿನಕ್ಕೆ ಐದು ನಿಮಿಷ ಕಾದಿರಿಸುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಶಂಕುಸ್ಥಾಪನೆಯೂ ಬೇಕಿಲ್ಲ.